ಆಚೆ ದಡದಲ್ಲಿ ಆಡಿದ ಮಾತು

ನಮ್ಮೂರಲ್ಲಿ ಸಿಟ್ಟಿನಿಂದ ಆಡಿದ ಮಾತು ಕೇಳಿಸುವುದಿಲ್ಲ. ಬಾಯಿ ಆಡುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ, ದನಿ ಮಾತ್ರ ಹೊರಗೆ ಬರುವುದಿಲ್ಲ. ಹೆದರಿ ಕೂಗಿದರೆ ಕೇಳುತ್ತದೆ, ಅತ್ತರೆ ಕೇಳುತ್ತದೆ, ಸಂತೆಯಲ್ಲಿ ಸೊಪ್ಪು ಮಾರುವವಳ ಕೂಗು ಎರಡು ಬೀದಿ ದಾಟುತ್ತದೆ. ಸಿಟ್ಟಿಗೆ ಮಾತ್ರ ಹೀಗೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ. ನಮಗೆ ಅದು ಊರ ನೀರು ಸ್ವಲ್ಪ ಗಡಸು ಎನ್ನುವಷ್ಟೇ ಸಂಗತಿ. ನನ್ನ ಅವ್ವ ಸಿಟ್ಟು ಬಂದಾಗ ಮಾತಿನ ಗೋಜಿಗೆ ಹೋಗದೆ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಿದ್ದಳು. ನಾವು ಮಕ್ಕಳು ಒಳಗಿನ ಕೋಣೆಯಲ್ಲಿ ಕೂತು, ಇದು ಹಿತ್ತಾಳೆ, ಇದು ಸ್ಟೀಲು, ಇನ್ನೂ ಹೊತ್ತಿದೆ ಎಂದು ಲೆಕ್ಕ ಹಾಕುತ್ತಿದ್ದೆವು.

ಹೊಳೆ ದಾಟಿದರೆ ಈ ತೊಂದರೆ ಇಲ್ಲ. ಸೇತುವೆ ಮುಗಿದ ಕೂಡಲೇ ದನಿ ಬರುತ್ತದೆ. ಹಾಗಾಗಿ ಜಗಳ ತೀರ ಬೆಳೆದವರು ಬಸ್ಸು ಹತ್ತಿ ಆಚೆ ದಡಕ್ಕೆ ಹೋಗುತ್ತಾರೆ. ಅಲ್ಲಿ ನಾಲ್ಕಾರು ಹುಣಸೆ ಮರ, ಒಂದು ಚಹಾದ ಅಂಗಡಿ ಇವೆ. ಅಂಗಡಿಯವನು ಯಾರ ಮಾತಿಗೂ ಕಿವಿ ಕೊಡುವುದಿಲ್ಲ, ರೇಡಿಯೋ ಹಾಕಿಕೊಂಡು ತನ್ನ ಪಾಡಿಗೆ ಹಾಲು ಕಾಯಿಸುತ್ತಾನೆ. ಗಂಡಹೆಂಡಿರು ಹೋಗುವಾಗ ಬೇರೆ ಬೇರೆ ಸೀಟಿನಲ್ಲಿ ಕೂತಿರುತ್ತಾರೆ, ಬರುವಾಗ ಒಂದೇ ಸೀಟಿನಲ್ಲಿ. ಕೆಲವರು ಬರುವಾಗಲೂ ಬೇರೆಯೇ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಗಂಡನೂ ಆಗಾಗ ಹೋಗುತ್ತಿದ್ದೆವು. ಈಗ ಹೋಗುವುದಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನಾನು ಯೋಚಿಸಿಲ್ಲ.

ನಾನು ಅಡಿವೆಪ್ಪ ಶೆಟ್ಟರ ಕೊಡೆ ಕಾರ್ಖಾನೆಯಲ್ಲಿ ಹೊಲಿಗೆ ವಿಭಾಗ ನೋಡಿಕೊಳ್ಳುತ್ತಿದ್ದೆ. ಒಂದು ಕಡೆ ಗಂಡಸರು ಕೊಡೆಯ ಕಡ್ಡಿ ಬಗ್ಗಿಸಿ, ಹಿಡಿ ಜೋಡಿಸುತ್ತಿದ್ದರು. ಇನ್ನೊಂದು ಕಡೆ ಹೆಂಗಸರು ಕರಿಯ ಬಟ್ಟೆ ಕತ್ತರಿಸಿ, ಕೈಯಲ್ಲೇ ಹೊಲಿದು, ಕಡ್ಡಿಗೆ ಬಿಗಿಯುತ್ತಿದ್ದರು. ಕಾರ್ಖಾನೆಗೆ ಮ್ಯಾನೇಜರು ಎಂದು ಹೊರಗಿನಿಂದ ಬಂದವರು ಯಾರೂ ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಅವರಿಗೆಲ್ಲ ರೇಗಿ ಕೆಲಸ ಮಾಡಿಸಿ ರೂಢಿ. ಇಲ್ಲಿ ರೇಗಿದರೆ ಹೆಂಗಸರು ತಲೆಯೆತ್ತಿ, "ಏನೋ ಹೇಳ್ತಿದಾರೆ," ಎಂದು ಮತ್ತೆ ಸೂಜಿ ಹಿಡಿಯುತ್ತಿದ್ದರು. ಒಬ್ಬರು ಸೀಟಿ ಕೊಂಡು ತಂದರು. ಸೀಟಿಯಿಂದ ಬರೀ ಗಾಳಿ ಬಂತು.

ಚಿದಂಬರಯ್ಯನವರು ಅವರ ಹಾಗಿರಲಿಲ್ಲ. ಐವತ್ತರ ಆಸುಪಾಸಿನ, ಸಣಕಲು ಮೈಯ, ತೋಳಿನ ಗುಂಡಿಯನ್ನು ಬೇಸಿಗೆಯಲ್ಲೂ ಹಾಕಿಕೊಳ್ಳುವ ಮನುಷ್ಯ. ಜನರಿಂದ ಕೆಲಸ ಮಾಡಿಸುವುದು ಹೇಗೆ ಎನ್ನುವುದನ್ನೇ ಓದಿ ಬಂದವರು ಎಂದು ಶೆಟ್ಟರು ನಮಗೆ ಪರಿಚಯ ಮಾಡಿಕೊಟ್ಟರು. ಬಂದ ಮೊದಲ ವಾರಗಳಲ್ಲಿ ಅವರು ಏನನ್ನೂ ಮಾಡಲಿಲ್ಲ. ಒಂದು ಸ್ಟೂಲು ಹಿಡಿದುಕೊಂಡು ಬಂದು ಒಬ್ಬೊಬ್ಬರ ಹತ್ತಿರ ಕೂತರು, ನೋಡಿದರು, ಹೆಸರು ಕೇಳಿದರು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಕೇಳಿದ್ದನ್ನು ಮರೆಯುತ್ತಿರಲಿಲ್ಲ.

"ಮನುಷ್ಯ ಸಂಬಳಕ್ಕಷ್ಟೇ ದುಡಿಯೋದಿಲ್ಲ ಕಸ್ತೂರಮ್ಮ," ಎಂದು ಒಮ್ಮೆ ನನಗೆ ಹೇಳಿದರು. "ನನ್ನನ್ನೂ ಒಬ್ಬರು ಗಮನಿಸ್ತಾರೆ ಅಂತ ಗೊತ್ತಾದರೆ ಕೈ ಬೇರೆ ಥರ ಓಡತ್ತೆ."

ಈ ಊರಿಗೆ ಯಾಕೆ ಬಂದಿರಿ ಎಂದು ಕೇಳಿದೆ. ಮೊದಲು ಒಂದು ದೊಡ್ಡ ಗಿರಣಿಯಲ್ಲಿದ್ದರಂತೆ. ಬೆಳಗಿನಿಂದ ಸಂಜೆವರೆಗೆ ಮೇಲಿನವರು ಇವರನ್ನು ಬಯ್ಯುವುದು, ಇವರು ಕೆಳಗಿನವರನ್ನು ಬಯ್ಯುವುದು. ಮನೆಗೆ ಹೋದರೂ ಕಿವಿಯಲ್ಲಿ ಅದೇ ಗುಂಯ್ಗುಡುತ್ತಿತ್ತಂತೆ. "ಇಲ್ಲಿ ಬಯ್ಯೋಕೇ ಆಗಲ್ಲ ಅಂತ ಕೇಳಿದೆ. ಆವತ್ತೇ ಅರ್ಜಿ ಹಾಕಿದೆ," ಎಂದರು.

ಆಮೇಲೆ ಒಂದೊಂದೇ ಬದಲಾವಣೆ ಆಯಿತು. ಗೋಡೆಗೆ ಮುಖ ಮಾಡಿದ್ದ ಮೇಜುಗಳನ್ನು ಎದುರುಬದುರು ಇಡಿಸಿದರು. ಚಹಾ ಎಷ್ಟು ಹೊತ್ತಿಗೆ ಬೇಕು ಎಂದು ನಮ್ಮನ್ನೇ ಕೇಳಿದರು. ಉತ್ತರದ ಗೋಡೆ ಒಡೆಸಿ ದೊಡ್ಡ ಕಿಟಕಿ ಇಡಿಸಿದರು, ಬೆಳಕು ಹೆಚ್ಚಿ ಕೆಲಸವೂ ಹೆಚ್ಚಿತು. ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆಂದು ಆ ಕಿಟಕಿ ಮುಚ್ಚಿದೆವು. ಕೆಲಸ ಕಡಿಮೆಯಾಗಲಿಲ್ಲ. ಚಿದಂಬರಯ್ಯ ಇದನ್ನು ಕಂಡು ಒಳಗೊಳಗೇ ಖುಷಿಪಟ್ಟರು. "ಕಿಟಕಿ ಅಲ್ಲ ಕಸ್ತೂರಮ್ಮ, ಕಿಟಕಿ ಯಾಕೆ ಇಡಿಸಿದರು ಅನ್ನೋದು ಮುಖ್ಯ," ಎಂದರು.

ಹೊಲಿಗೆಯವರಲ್ಲಿ ಹಿರಿಯವಳು ಗುಲ್ಜಾರ್‌ಬಿ. ನಾನು ಸೇರಿದಾಗ ನನಗೆ ಕೊಡೆಯ ಬಟ್ಟೆ ಎಳೆದು ಕಟ್ಟುವುದನ್ನು ಕಲಿಸಿದವಳೇ ಅವಳು. ಗಂಡ ತೀರಿಕೊಂಡಿದ್ದ. ಮಗ ಲಾರಿಯಿಂದ ಬಿದ್ದು ಕಾಲು ಮುರಿದುಕೊಂಡು ಮಲಗಿದ್ದ. ಚಿದಂಬರಯ್ಯ ತಾವೇ ಅವಳ ಮನೆಗೆ ಹೋಗಿ, ಮೂಳೆ ವೈದ್ಯರೊಬ್ಬರ ಹತ್ತಿರ ಹುಡುಗನನ್ನು ಕಳಿಸುವ ವ್ಯವಸ್ಥೆ ಮಾಡಿದರು. ದಿನಾ ಬೆಳಿಗ್ಗೆ ಅವಳ ಮೇಜಿನ ಹತ್ತಿರ ನಿಂತು ಮಗನನ್ನು ವಿಚಾರಿಸುತ್ತಿದ್ದರು. ಅದು ತೋರಿಕೆಯಲ್ಲ, ನಾನು ಹತ್ತಿರದಿಂದ ನೋಡಿದ್ದೇನೆ. ಗುಲ್ಜಾರ್‌ಬಿ ನನ್ನ ಹತ್ತಿರ, "ಇಂಥ ಸಾಹೇಬ್ರು ಇದ್ರೆ ಆಚೆ ದಡದ ಬಸ್ಸು ನಿಂತುಹೋಗತ್ತೆ ನೋಡು," ಎನ್ನುತ್ತಿದ್ದಳು.

ಹೀಗಿರುವಾಗ ಶೆಟ್ಟರು ಕೊಡೆಯ ಬಟ್ಟೆ ಹೊಲಿಯುವ ಮಶೀನು ತರಿಸುವುದೆಂದು ತೀರ್ಮಾನ ಮಾಡಿದರು. ನಮಗೆ ಸುದ್ದಿ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಚಿದಂಬರಯ್ಯ ನನ್ನನ್ನು ಕರೆದು, ಹಿರಿಯ ಹೆಂಗಸರನ್ನು ಕೆಲಸದಿಂದ ಬಿಡಿಸಬೇಕಾಗಿದೆ, ನಿಮ್ಮ ಕೆಲಸಕ್ಕೆ ಏನೂ ಆಗುವುದಿಲ್ಲ, ಅವರಿಗೆ ನಾನೇ ಹೇಳುತ್ತೇನೆ ಎಂದರು. ಆಮೇಲೆ ತಮ್ಮ ಸ್ಟೂಲು ತೆಗೆದುಕೊಂಡು ಗುಲ್ಜಾರ್‌ಬಿಯ ಹತ್ತಿರ ಹೋಗಿ ಕೂತರು. ಪಕ್ಕದ ಮೇಜಿನಲ್ಲಿ ಬಟ್ಟೆ ಮಡಿಸುತ್ತಿದ್ದ ನನಗೆ ಎಲ್ಲವೂ ಕೇಳುತ್ತಿತ್ತು.

"ಗುಲ್ಜಾರಮ್ಮ, ಮಗನ ಕಾಲು ಹೇಗಿದೆ?"

"ಕೋಲು ಬಿಟ್ಟಿದ್ದಾನೆ ಸಾಹೇಬ್ರೆ. ನಿನ್ನೆ ಮಸೀದಿವರೆಗೂ ನಡೆದು ಹೋಗಿ ಬಂದ. ನಿಮ್ಮ ದಯೆ."

"ಬಹಳ ಸಂತೋಷ. ನೋಡಿ, ಹೊಸ ಮಶೀನು ಬರ್ತಾ ಇದೆ. ಇಷ್ಟು ವರ್ಷ ನಿಮ್ಮ ಕೈಯ ಹೊಲಿಗೇನೇ ಈ ಕಾರ್ಖಾನೆ ಹೆಸರು ಉಳಿಸಿದ್ದು. ಬರೋ ತಿಂಗಳಿಂದ ನೀವು ಮನೇಲಿ ವಿಶ್ರಾಂತಿ ತಗೊಳ್ಳಬಹುದು. ಮಗನ ಜೊತೆ ಇರೋಕೂ ಸಮಯ ಸಿಗತ್ತೆ."

"ನಿಮ್ಮಿಂದ ಬಹಳ ಉಪಕಾರ ಆಯ್ತು ಸಾಹೇಬ್ರೆ," ಎಂದು ಗುಲ್ಜಾರ್‌ಬಿ ಕೈ ಮುಗಿದಳು. ಕೈಯಲ್ಲಿದ್ದ ಕೊಡೆಯನ್ನು ಮುಗಿಸಿ, ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿ, ಮಗನಿಗೆ ತಿಳಿಸಲೆಂದು ಊಟದ ಹೊತ್ತಿಗೇ ಮನೆಗೆ ಹೊರಟಳು. ಚಿದಂಬರಯ್ಯ ಸ್ಟೂಲನ್ನು ಮುಂದಿನ ಮೇಜಿಗೆ ಎಳೆದುಕೊಂಡರು.

ತನಗೇನಾಯಿತು ಎಂದು ಅವಳಿಗೆ ತಿಳಿದದ್ದು ದಾರಿಯಲ್ಲಿ. ಹಿಟ್ಟಿನ ಗಿರಣಿಯ ಮುಂದೆ ಯಾರೋ, "ಯಾಕೆ ಗುಲ್ಜಾರಮ್ಮ, ಇವತ್ತು ಬೇಗ?" ಎಂದು ಕೇಳಿದರಂತೆ. ಉತ್ತರ ಹೇಳಲು ಹೋಗಿ, ಬಾಯಿ ಬಿಟ್ಟರೆ ದನಿ ಹೊರಡಲಿಲ್ಲವಂತೆ. ಅಲ್ಲಿಂದಲೇ ತಿರುಗಿ ಬಂದಳು. ನಾನು ಮಾದರಿಯ ಬಟ್ಟೆ ತೋರಿಸಲು ಚಿದಂಬರಯ್ಯನವರ ಕೋಣೆಯ ಬಾಗಿಲಲ್ಲಿದ್ದೆ. ನನ್ನನ್ನು ಸರಿಸಿ ಒಳಗೆ ಹೋಗಿ ಅವರ ಎದುರು ನಿಂತಳು. ಅವಳ ಬಾಯಿ ಬಹಳ ಹೊತ್ತು ಆಡಿತು. ಸೆರಗು ಜಾರಿದ್ದನ್ನು ಸರಿಮಾಡಿಕೊಂಡು ಮತ್ತೆ ಆಡಿತು. ಹೊರಗೆ ಕಡ್ಡಿ ಬಡಿಯುವ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಚಿದಂಬರಯ್ಯ ಪೆನ್ನು ಕೆಳಗಿಟ್ಟು, ಕೈ ಕಟ್ಟಿಕೊಂಡು, ನಿಜವಾದ ಕನಿಕರದಿಂದಲೇ ಅವಳನ್ನು ನೋಡಿದರು. "ಸಮಾಧಾನ ಮಾಡಿಕೊಂಡು ಬನ್ನಿ ಗುಲ್ಜಾರಮ್ಮ," ಎಂದರು. "ನೀವು ಏನು ಹೇಳಿದರೂ ಕೇಳೋಕೆ ನಾನು ಇದ್ದೇನೆ."

ಆ ಕೋಣೆಯಲ್ಲಿ ಅವರ ದನಿ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ನಾನು ಕೈಯಲ್ಲಿದ್ದ ಬಟ್ಟೆ ತೋರಿಸದೆ ಹಿಂದಕ್ಕೆ ಬಂದುಬಿಟ್ಟೆ.

ಸಂಜೆ ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವನು, ಸುಮ್ಮನಿರುವುದರಲ್ಲಿ ನಂಬಿಕೆ ಇಟ್ಟವನು. "ನಿನ್ನ ಕೆಲಸ ಉಳಿದಿದೆಯಲ್ಲ, ನಡುವೆ ಹೋಗಬೇಡ," ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾರನೆಯ ದಿನ ಕಾರ್ಖಾನೆಯ ನಲ್ಲಿಯ ಹತ್ತಿರ ಹೆಂಗಸರು ಸೇರಿದ್ದರು. ಒಬ್ಬಳ ನಂತರ ಒಬ್ಬಳು ಬಾಯಿ ಆಡಿಸುತ್ತಿದ್ದಳು, ಉಳಿದವರು ಅವಳ ಬಾಯನ್ನೇ ನೋಡಿ ತಲೆದೂಗುತ್ತಿದ್ದರು, ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿ ಚಿದಂಬರಯ್ಯನವರ ಕೋಣೆಗೆ ಹೋದೆ.

"ಸಾಹೇಬ್ರೆ, ಭಾನುವಾರ ಆಚೆ ದಡಕ್ಕೆ ಬರ್ತೀರಾ?"

ಅವರು ನಗಲು ನೋಡಿದರು. "ಜಗಳಕ್ಕಾ?"

"ಕೇಳಿಸ್ಕೊಳ್ಳೋಕೆ."

"ಅದನ್ನ ಕೇಳಬಾರದು ಅಂತಲೇ ನಾನು ಈ ಊರಿಗೆ ಬಂದಿದ್ದು. ನಿಮಗೆ ಹೇಳಿದ್ದೇನೆ."

"ಹೇಳಿದ್ದೀರಿ. ಆದರೆ ನೀವು ಆಡಿದ ಮಾತು ಅವರಿಗೆ ಕೇಳಿಸ್ತು. ಅವರು ಆಡಿದ್ದು ನಿಮಗೆ ಕೇಳಿಸಿಲ್ಲ. ಅದೊಂದೇ ನಾನು ಹೇಳೋದು."

ಅವರು ಪೆನ್ನು ಕೈಗೆತ್ತಿಕೊಂಡು ಮತ್ತೆ ಬರೆಯತೊಡಗಿದರು. ಇದರಿಂದ ನನ್ನ ಕೆಲಸಕ್ಕೆ ಕುತ್ತು ಬರಬಹುದೆಂದು ಆ ವಾರವೆಲ್ಲ ನಾನು ಕಾದೆ. ಬರಲಿಲ್ಲ. ಭಾನುವಾರ ಬಸ್‌ಸ್ಟ್ಯಾಂಡಿಗೆ ಹೋದಾಗ ಹೆಂಗಸರೆಲ್ಲ ಬಸ್ಸಿನಲ್ಲಿದ್ದರು. ಚಿದಂಬರಯ್ಯ ಡ್ರೈವರನ ಹಿಂದಿನ ಸೀಟಿನಲ್ಲಿ ಒಬ್ಬರೇ, ಚಪ್ಪಲಿಗಳನ್ನು ಜೋಡಿಸಿಕೊಂಡು, ಮುಂದೆ ನೋಡುತ್ತಾ ಕೂತಿದ್ದರು.

ಹುಣಸೆ ಮರದ ಕೆಳಗೆ ಅವರು ನಿಂತರು. ಕೂರಲು ಹೇಳಿದರೂ ಕೂರಲಿಲ್ಲ. ಮೊದಲು ಗುಲ್ಜಾರ್‌ಬಿಯೇ ಮಾತಾಡಿದಳು. ಅವಳ ಸಿಟ್ಟಿನ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದು ದಪ್ಪ ದನಿ, ಗಂಡಸಿನ ದನಿಯ ಹಾಗೆ.

"ನೀವು ನನ್ನನ್ನ ಬಯ್ದು ಹೊರಗೆ ಹಾಕಿದ್ದಿದ್ರೆ ನಾನೂ ನಾಲ್ಕು ಬಯ್ದು ಮನೆಗೆ ಹೋಗ್ತಿದ್ದೆ. ನೀವು ನನ್ನ ಮಗನ ಕಾಲನ್ನ ಮುಂದೆ ಇಟ್ರಿ. ಅದರ ಹಿಂದೆ ಕತ್ತಿ ತಂದ್ರಿ. ನಾನು ನಿಮಗೆ ಕೈ ಮುಗಿದು ಹೋದೆ. ಕೆಲಸ ಕಳ್ಕೊಂಡು ಕೈ ಮುಗಿದು ಹೋದೆ. ಕೆಲಸ ನಿಮ್ಮದು, ಇಟ್ಕೊಳ್ಳಿ. ನಾನು ಮುಗಿದ ಕೈಯನ್ನ ವಾಪಸ್ ಕೊಡಿ."

ಪ್ರತಿ ಮಾತಿಗೂ ಚಿದಂಬರಯ್ಯನವರ ಭುಜ ಸ್ವಲ್ಪ ಸ್ವಲ್ಪ ಮೇಲೇರುತ್ತಿತ್ತು, ಆಲಿಕಲ್ಲು ಬೀಳುವಾಗ ಮಾಡುತ್ತೇವಲ್ಲ ಹಾಗೆ. ಅವಳ ನಂತರ ಬಸಲಿಂಗವ್ವ ಎನ್ನುವವಳು ಮುಂದೆ ಬಂದಳು. ಅವಳು ಕಾರ್ಖಾನೆಯಲ್ಲಿ ಯಾರೊಂದಿಗೂ ಮಾತೇ ಆಡದವಳು.

"ಮಶೀನು ಬೇಡ ಅಂದೋರು ಯಾರ್ರೀ? ಬರಲಿ. ನಮಗೆ ಕಲಿಸಿದ್ರೆ ನಾವು ಕಲೀತಿರಲಿಲ್ವ? ಒಂದು ಮಾತು ಕೇಳಿದ್ರಾ ನೀವು? ಚಹಾ ಎಷ್ಟೊತ್ತಿಗೆ ಬೇಕು ಅಂತ ಕೇಳಿದ್ರಿ. ಮೇಜು ಯಾವ ಕಡೆ ಇರಲಿ ಅಂತ ಕೇಳಿದ್ರಿ. ಕೇಳಬೇಕಾದ್ದು ಬಂದಾಗ ನೀವು ಕೇಳೋದು ಬಿಟ್ಟು ಹೇಳೋದಕ್ಕೆ ಬಂದ್ರಿ."

ಹೀಗೆ ಎಲ್ಲರೂ ಮಾತಾಡಿದರು. ಕೆಲವರು ಶೆಟ್ಟರಿಗೆ ಹಾಕಿದ ಶಾಪಗಳನ್ನು ಇಲ್ಲಿ ಹೇಳುವುದು ಚೆನ್ನಾಗಿರುವುದಿಲ್ಲ. ಚಹಾದ ಅಂಗಡಿಯವನು ರೇಡಿಯೋ ದನಿ ಹೆಚ್ಚು ಮಾಡಿದ. ಕೊನೆಗೆ ಚಿದಂಬರಯ್ಯ ಬಾಯಿ ತೆರೆದರು. ಅವರ ಗಂಟಲಿನಿಂದ ಬಂದ ದನಿ ಕರ್ಕಶವಾಗಿ, ಒಡೆದ ಹಾಗೆ ಇತ್ತು. ಅದಕ್ಕೆ ನಮಗಿಂತ ಅವರೇ ಹೆಚ್ಚು ಬೆಚ್ಚಿದರು.

"ನಾನು ಶೆಟ್ಟರ ಹತ್ತಿರ ಹೋಗಿರಲಿಲ್ಲ ಅಂತ ತಿಳಿದಿದ್ದೀರಾ? ಹೋಗಿದ್ದೆ. ಇವರನ್ನ ಬಿಡಿಸಬೇಡಿ ಅಂತ ಹೇಳೋಕೆ ಹೋಗಿದ್ದೆ. ಅವರು ಎಲೆ ಅಡಿಕೆ ಹಾಕ್ಕೊಳ್ತಾ, ಹೆಂಗಸರ ವಿಷಯ ಬಿಡಿ ಅಂದರು. ನನಗೆ ಸಿಟ್ಟು ಬಂತು. ದನಿ ಹೋಯ್ತು. ಬಿಸಿಲಲ್ಲಿ ಬಂದಿದ್ದೀರಿ, ನೀರು ಕುಡೀರಿ ಅಂದರು. ನಾನು ನೀರು ಕುಡಿದು ಬಂದೆ." ಅವರು ಉಸಿರು ಎಳೆದುಕೊಂಡರು. "ಹೇಳಲೇಬೇಕಾದರೆ ನೋವಾಗದ ಹಾಗೆ ಹೇಳೋಣ ಅಂತ ಮಾಡಿದೆ. ನನಗೆ ಬರೋದು ಅಷ್ಟೇ."

ಬಸಲಿಂಗವ್ವ, ಶೆಟ್ಟರನ್ನೇ ಇಲ್ಲಿಗೆ ಕರೆದುಕೊಂಡು ಬನ್ನಿ ಎಂದಳು. ಆದರೆ ಶೆಟ್ಟರು ಹೊಳೆ ದಾಟಿದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಅವರಿಗೆ ಇಲ್ಲಿಗೆ ಬರುವ ಜರೂರೇ ಬಂದಿರಲಿಲ್ಲ.

ಗುಲ್ಜಾರ್‌ಬಿ ಕೆಳಗೆ ಕೂತು ಚಹಾ ಕುಡಿಯುತ್ತಿದ್ದಳು. ಅವಳ ದನಿ ಈಗ ಸಾಧಾರಣವಾಗಿತ್ತು. "ಹಂಗಾದ್ರೆ ನಮ್ಮ ಮಾತನ್ನ ನೀವೇ ಒಯ್ಯಿರಿ," ಎಂದಳು. "ಸಿಟ್ಟಿಲ್ಲದೆ ಹೇಳೋಕೆ ನಿಮಗೆ ಬರತ್ತಲ್ಲ. ಒಂದು ಅಕ್ಷರ ಬಿಡದಂಗೆ ಹೇಳಿ."

ಮರುದಿನ ನಾನೂ ಅವರ ಜೊತೆ ಶೆಟ್ಟರ ಮನೆಗೆ ಹೋದೆ. ಯಾರೂ ಕರೆದಿರಲಿಲ್ಲ, ಆದರೂ ಹೋದೆ. ಅಡಿವೆಪ್ಪ ಶೆಟ್ಟರು ಎಪ್ಪತ್ತು ದಾಟಿದ, ದುಂಡು ಮುಖದ, ಎಲ್ಲರಿಗೂ ಬನ್ನಿ ಕೂತ್ಕೊಳ್ಳಿ ಎನ್ನುವ ಮನುಷ್ಯ. ತೂಗುಮಂಚದ ಮೇಲೆ ಕೂತಿದ್ದರು. ಚಿದಂಬರಯ್ಯ ನಿಂತುಕೊಂಡೇ, ಬೆಳಿಗ್ಗೆ ಮಗನ ಕಾಲು ವಿಚಾರಿಸುವ ಅದೇ ದನಿಯಲ್ಲಿ ಶುರುಮಾಡಿದರು. ಗುಲ್ಜಾರ್‌ಬಿ ಹೇಳಿದ್ದು, ಬಸಲಿಂಗವ್ವ ಹೇಳಿದ್ದು, ಒಂದೊಂದನ್ನೂ ಹೆಸರು ಹಿಡಿದು ಹೇಳಿದರು. ಶಾಪಗಳನ್ನೂ ಬಿಡಲಿಲ್ಲ.

"ನೀವು ಸತ್ತ ದಿನ ಜೋರು ಮಳೆ ಬರಲಿ, ಹೆಣಕ್ಕೆ ಕೊಡೆ ಹಿಡಿಯೋಕೆ ಒಬ್ಬರೂ ಸಿಗದೇ ಹೋಗಲಿ, ಅಂತ ಹೇಳಿದ್ದಾರೆ," ಎಂದರು. "ಇದು ನನ್ನ ಮಾತಲ್ಲ. ಆದರೆ ಅವರು ಹಾಗೆ ಹೇಳಿದ್ದು ನ್ಯಾಯ ಅಂತ ನನಗೆ ಅನ್ನಿಸಿದೆ."

ತೂಗುಮಂಚ ನಿಂತಿತು. ಶೆಟ್ಟರ ಮುಖ ಕೆಂಪಾಯಿತು, ಬಾಯಿ ತೆರೆಯಿತು, ತುಟಿ ಆಡಿತು. ಏನೂ ಕೇಳಿಸಲಿಲ್ಲ. ಅವರ ಜೀವನದಲ್ಲಿ ಅದು ಮೊದಲ ಸಲವೇನೋ, ಅವರು ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ಚಿದಂಬರಯ್ಯ ನೀರು ಕುಡೀರಿ ಎನ್ನಲಿಲ್ಲ. ಅವರ ತುಟಿ ನಿಲ್ಲುವವರೆಗೆ ಕಾದು, ಉಳಿದ ಮಾತುಗಳನ್ನು ಹೇಳಿ ಮುಗಿಸಿದರು.

ಶೆಟ್ಟರು ವ್ಯಾಪಾರಸ್ಥರು. ಸಿಟ್ಟಿಳಿದು ದನಿ ಬಂದ ಮೇಲೆ, "ಆ ಮಶೀನು ಕಲಿಯೋಕೆ ಹೆಂಗಸರಿಗೆ ಎಷ್ಟು ಕಾಲ ಹಿಡಿದೀತು?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ, ಅವರನ್ನೇ ಕೇಳಬೇಕು ಎಂದೆ.

ಮಶೀನು ಬಂತು. ಹೆಂಗಸರು ಕಲಿತರು. ಕಣ್ಣು ಮಂಜಾಗಿದ್ದ ಇಬ್ಬರು ತಾವಾಗಿಯೇ ಬಿಟ್ಟರು, ಉಳಿದವರೆಲ್ಲ ಇದ್ದರು. ಗುಲ್ಜಾರ್‌ಬಿಯನ್ನು ಕರೆಯಲು ಚಿದಂಬರಯ್ಯ ಅವಳ ಮನೆಗೆ ಹೋದಾಗ ಅವಳು ಕೂಡಲೇ ಒಪ್ಪಲಿಲ್ಲ. "ಇನ್ನು ಮೇಲೆ ಕೆಟ್ಟ ಸುದ್ದಿ ಇದ್ರೆ ಮೊದಲು ಅದನ್ನ ಹೇಳಿಬಿಡಿ. ಮನೆ ಮಕ್ಕಳ ವಿಚಾರ ಆಮೇಲೆ ಕೇಳಿ. ಇದಕ್ಕೆ ಒಪ್ಪೋದಾದ್ರೆ ಬರ್ತೀನಿ," ಎಂದಳು. ಅವರು ಒಪ್ಪಿದರು. ಆದರೂ ಬಹಳ ದಿನ ಅವರು ಯಾರ ಹತ್ತಿರವಾದರೂ ನಿಂತು ಮನೆಯಲ್ಲಿ ಹೇಗಿದ್ದಾರೆ ಎಂದರೆ ಕೇಳಿಸಿಕೊಂಡವರ ಮುಖ ಬಿಳಿಚಿಕೊಳ್ಳುತ್ತಿತ್ತು. ಅವರು ಕೇಳುವುದನ್ನೇ ನಿಲ್ಲಿಸಿದರು. ಮೇಜುಗಳ ನಡುವೆ ಸುಮ್ಮನೆ ಓಡಾಡಿ ಹೋಗುತ್ತಿದ್ದರು. ಒಳ್ಳೆಯ ಮಾತು ಮತ್ತೆ ಒಳ್ಳೆಯ ಮಾತಾಗಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಮುಂದಿನ ವರ್ಷ ಶೆಟ್ಟರು ತಮ್ಮ ತಂಗಿಯ ಮಗನನ್ನು ಮ್ಯಾನೇಜರಾಗಿ ತಂದರು. ಚಿದಂಬರಯ್ಯನವರಿಗೆ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಬೀಳ್ಕೊಡುಗೆ ಇಟ್ಟರು. ಶೆಟ್ಟರೇ ಹಾರ ಹಾಕಿದರು, ಶಾಲು ಹೊದಿಸಿದರು. ಮೈಕಿನ ಮುಂದೆ ಬಹಳ ಮೃದುವಾಗಿ ಮಾತಾಡಿದರು. ಚಿದಂಬರಯ್ಯನವರ ಹೆಂಡತಿಗೆ ಮಂಡಿನೋವು, ಈಗ ಅವರನ್ನು ನೋಡಿಕೊಳ್ಳಲು ಇವರಿಗೆ ಬಿಡುವು ಸಿಗುತ್ತದೆ, ಇಂಥವರು ಸಿಕ್ಕಿದ್ದು ನಮ್ಮ ಪುಣ್ಯ ಎಂದರು. ಒಂದು ಮಾತೂ ತಪ್ಪದೆ ನಮಗೆಲ್ಲ ಕೇಳಿಸಿತು.

ಚಿದಂಬರಯ್ಯ ಎದ್ದು ಮೈಕಿನ ಹತ್ತಿರ ಬಂದರು. ಹಾರ ಸರಿಮಾಡಿಕೊಂಡು ಬಾಯಿ ತೆರೆದರು. ತುಟಿ ಆಡಿತು, ದನಿ ಬರಲಿಲ್ಲ. ಶೆಟ್ಟರು ಮುಂದೆ ಬಾಗಿ ಮೈಕನ್ನು ಬೆರಳಿನಿಂದ ತಟ್ಟಿ ನೋಡಿದರು. ಟಪ್ ಟಪ್ ಎಂದು ಚೆನ್ನಾಗಿಯೇ ಸದ್ದು ಬಂತು. ಇವರು ಹೇಳುತ್ತಿರುವುದೇನೆಂದು ತಿಳಿಯದೆ ಶೆಟ್ಟರು ಹಿಂದಕ್ಕೆ ಒರಗಿ, ಮುಗಿಯಲಿ ಎಂದು ನಗುಮುಖದಿಂದ ಕೂತರು. ಚಿದಂಬರಯ್ಯ ನಿಲ್ಲಿಸಲಿಲ್ಲ. ಶಾಮಿಯಾನದ ಕೆಳಗೆ ಯಾರೂ ಪಿಸುಗುಡಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಗಂಡಸರು ಕಡ್ಡಿಯ ವಿಭಾಗದಿಂದ ಬಂದು ಹಿಂದೆ ನಿಂತರು. ನಾವೆಲ್ಲರೂ ಅವರ ಬಾಯನ್ನೇ ನೋಡುತ್ತಿದ್ದೆವು. ಮಾತು ಮುಗಿದ ಮೇಲೆ ಅವರು ನಮಸ್ಕಾರ ಮಾಡಿದರು. ಗುಲ್ಜಾರ್‌ಬಿ ಮೊದಲು ಚಪ್ಪಾಳೆ ತಟ್ಟಿದಳು.

ಗೇಟಿನ ಹತ್ತಿರ ನಾನು, ಸಂಜೆ ಬಸ್ಸಿದೆ, ಬೇಕಾದರೆ ನಾವೆಲ್ಲ ಆಚೆ ದಡಕ್ಕೆ ಬರುತ್ತೇವೆ ಎಂದೆ. ಅವರು ಬೇಡ ಎಂದು ತಲೆಯಾಡಿಸಿದರು. "ಹೇಳಿ ಆಯ್ತಲ್ಲ ಕಸ್ತೂರಮ್ಮ," ಎಂದರು. ಆಮೇಲೆ ಶಾಲು ಮಡಿಸುತ್ತಾ, "ಶೆಟ್ಟರಿಗೆ ಮಾತ್ರ ಒಂದೂ ಅರ್ಥ ಆಗಿಲ್ಲ ಅಂತ ಕಾಣತ್ತೆ," ಎಂದರು.

"ಅವರಿಗೆ ಇನ್ನೊಬ್ಬರ ಬಾಯಿ ನೋಡಿ ರೂಢಿ ಇಲ್ಲ ಸಾಹೇಬ್ರೆ," ಎಂದಳು ಗುಲ್ಜಾರ್‌ಬಿ. "ನಮಗಿದೆ."